ಇಂಗ್ಲಿಷಿನ ಮೈ, ದಿ, ದಿಸ್: ಮೂರಕ್ಕೂ ಒಂದೇ ಸೀಟು

“ನನ್ನ ಈ ಮನೆ ಮಾರಾಟಕ್ಕಿದೆ” ಎನ್ನುವುದು ಒಳ್ಳೆಯ ಕನ್ನಡ. ಅದನ್ನೇ ಪದಕ್ಕೆ ಪದ ಇಟ್ಟು “ಮೈ ದಿಸ್ ಹೌಸ್ ಈಸ್ ಫಾರ್ ಸೇಲ್” ಎಂದರೆ ಇಂಗ್ಲಿಷ್ ಕೆಡುತ್ತದೆ. “ನನ್ನ ಒಬ್ಬ ಸ್ನೇಹಿತ” ಸರಿ, ಆ ಅರ್ಥಕ್ಕೆ “ಮೈ ಒನ್ ಫ್ರೆಂಡ್” ತಪ್ಪು. “ನನ್ನ ಎಲ್ಲ ಪುಸ್ತಕ” ಸರಿ, “ಮೈ ಆಲ್ ಬುಕ್ಸ್” ತಪ್ಪು. ಮೈಸೂರು, ಮಂಡ್ಯ ಕಡೆ ಉತ್ತರ ಪತ್ರಿಕೆ ತಿದ್ದುವವರಿಗೂ ಕೆಲಸದ ಅರ್ಜಿ ಓದುವವರಿಗೂ ಈ ಮೂರು ತಪ್ಪು ಚೆನ್ನಾಗಿ ಪರಿಚಯ. ನೋಡಲು ಬೇರೆ ಬೇರೆಯಾಗಿದ್ದರೂ ಇವುಗಳ ಬೇರು ಒಂದೇ.

ಶಾಲೆಯಲ್ಲಿ ಕಲಿಸುವ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಹಳೆಯ ವ್ಯಾಕರಣ ಪುಸ್ತಕಗಳು ‘ಮೈ’, ‘ಯುವರ್’, ‘ಹಿಸ್’ ಇವನ್ನೆಲ್ಲ ಪೊಸೆಸಿವ್ ಅಡ್ಜೆಕ್ಟಿವ್ ಎಂದು ಕರೆಯುತ್ತವೆ, ಅಂದರೆ ವಿಶೇಷಣ. ವಿಶೇಷಣಗಳನ್ನು ಒಂದರ ಹಿಂದೆ ಒಂದು ಜೋಡಿಸಬಹುದು: “ದಿ ಬಿಗ್ ಓಲ್ಡ್ ರೆಡ್ ಹೌಸ್”. ‘ಮೈ’ ಕೂಡ ವಿಶೇಷಣವೇ ಆಗಿದ್ದರೆ “ದಿ ಮೈ ಹೌಸ್” ಸರಿಯಾಗಬೇಕಿತ್ತು. ಆಗುವುದಿಲ್ಲ. ಈಚಿನ ವ್ಯಾಕರಣಗಳು ಅದನ್ನು ಡಿಟರ್ಮಿನರ್ ಎನ್ನುತ್ತವೆ, ಆ ಹೆಸರೇ ಹೆಚ್ಚು ಸರಿ. ‘ಬಿಗ್’ ಎಂಬುದು ಮನೆ ಎಂಥದ್ದು ಎಂದು ಹೇಳುತ್ತದೆ. ‘ಮೈ’, ‘ದಿ’, ‘ದಿಸ್’ ಎಂಬವು ಯಾವ ಮನೆ ಎಂದು ಗೊತ್ತುಮಾಡುತ್ತವೆ. ಆ ಕೆಲಸ ಒಮ್ಮೆ ಆದರೆ ಸಾಕು, ಎರಡನೆಯ ಸಲ ಮಾಡಲು ಇಂಗ್ಲಿಷ್ ಬಿಡುವುದಿಲ್ಲ.

ಮಂಡ್ಯ–ಮೈಸೂರು ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದ ಸೀಟು ಇದ್ದಂತೆ ಇದು. ನಾಮಪದದ ಮುಂದೆ ಇರುವುದು ಒಂದೇ ಸೀಟು, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ‘ಎ’, ‘ಆನ್’, ‘ದಿ’, ‘ದಿಸ್’, ‘ದಟ್’, ‘ದೀಸ್’, ‘ದೋಸ್’, ‘ಮೈ’, ‘ಯುವರ್’, ‘ಹಿಸ್’, ‘ಹರ್’, ‘ಇಟ್ಸ್’, ‘ಔವರ್’, ‘ದೇರ್’, ‘ಸಮ್’, ‘ಎನಿ’, ‘ನೋ’, ‘ಈಚ್’, ‘ವಿಚ್’, ‘ಹೂಸ್’ ಎಲ್ಲವೂ ಆ ಒಂದು ಸೀಟಿಗೇ ಬರುವ ಪದಗಳು. ‘ಎವ್ರಿ’ ಮಾತ್ರ ಸ್ವಲ್ಪ ಕಿಲಾಡಿ. ಅದು “ಹಿಸ್ ಎವ್ರಿ ವರ್ಡ್” ಎಂದು ‘ಹಿಸ್’ ಹಿಂದೆ ನುಸುಳಬಲ್ಲದು, ಆದರೆ “ದಿ ಎವ್ರಿ” ಆಗದು.

ಸೀಟಿಗೆ ಇನ್ನೊಂದು ನಿಯಮವೂ ಇದೆ, ಕನ್ನಡಿಗರು ಹೆಚ್ಚು ಎಡವುವುದು ಅಲ್ಲೇ: ಎಣಿಸಬಹುದಾದ ಏಕವಚನ ನಾಮಪದದ ಮುಂದೆ ಆ ಸೀಟು ಖಾಲಿ ಇರಬಾರದು. “ಸ್ಕೂಟರ್ ತಗೊಂಡೆ” ಎಂದರೆ ನಮಗೆ ವಾಕ್ಯ ಪೂರ್ತಿಯಾಯಿತು. “ಐ ಬಾಟ್ ಸ್ಕೂಟರ್” ಅಪೂರ್ಣ. ‘ಎ ಸ್ಕೂಟರ್’, ‘ದಿ ಸ್ಕೂಟರ್’, ‘ದಿಸ್ ಸ್ಕೂಟರ್’, ‘ಹಿಸ್ ಸ್ಕೂಟರ್’, ಏನಾದರೊಂದು ಬೇಕು. ಬಹುವಚನಕ್ಕೂ ‘ವಾಟರ್’, ‘ಶುಗರ್’, ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ನಂಥ ಎಣಿಸಲಾಗದ ಪದಗಳಿಗೂ ಈ ಕಟ್ಟು ಇಲ್ಲ, ಅಲ್ಲಿ ಸೀಟು ಖಾಲಿ ಇರಬಹುದು. ಆದರೆ ಎಣಿಸಲಾಗದ ಪದದ ಮುಂದೆ ‘ಎ’ ಅಥವಾ ‘ಆನ್’ ಕೂರಿಸುವಂತಿಲ್ಲ. “ಆನ್ ಇನ್ಫರ್ಮೇಶನ್”, “ಎ ಫರ್ನಿಚರ್” ತಪ್ಪು. “ಬೈ ಬಸ್”, “ಅಟ್ ಹೋಮ್”, “ಗೋ ಟು ಸ್ಕೂಲ್” ಇಂಥ ಕೆಲವು ಸಿದ್ಧ ಪ್ರಯೋಗಗಳು ನಿಯಮಕ್ಕೆ ಹೊರಗೆ. ಅವನ್ನು ಹಾಗೇ ಬಾಯಿಪಾಠ ಮಾಡಬೇಕು.

“ಸ್ವಂತ ಮನೆ ಇದೆ” ಎಂಬ ಮಾತು “ಐ ಹ್ಯಾವ್ ಓನ್ ಹೌಸ್” ಆಗುವುದು ಈ ಖಾಲಿ ಸೀಟಿನಿಂದಲೇ. ‘ಸ್ವಂತ’ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಇಂಗ್ಲಿಷಿನ ‘ಓನ್’ ನಿಲ್ಲುವುದಿಲ್ಲ; ಅದರ ಮುಂದೆ ಯಾರದು ಎಂದು ಹೇಳುವ ಪದ ಇರಲೇಬೇಕು. “ಐ ಹ್ಯಾವ್ ಮೈ ಓನ್ ಹೌಸ್” ಎನ್ನಿ, ಇಲ್ಲವೇ “ಎ ಹೌಸ್ ಆಫ್ ಮೈ ಓನ್” ಎನ್ನಿ. “ಆನ್ ಓನ್ ಹೌಸ್” ಎಂದು ತಿದ್ದಿದರೂ ಆಗುವುದಿಲ್ಲ.

ಎರಡೂ ಬೇಕಾದಾಗ

ಹಾಗಾದರೆ “ನನ್ನ ಒಬ್ಬ ಸ್ನೇಹಿತ” ಎನ್ನುವುದಕ್ಕೆ ಏನು ದಾರಿ? ಇಂಗ್ಲಿಷ್ ಒಂದು ಪದವನ್ನು ಸೀಟಿನಿಂದ ಎಬ್ಬಿಸಿ ಹಿಂದಕ್ಕೆ ಕಳಿಸುತ್ತದೆ: “ಎ ಫ್ರೆಂಡ್ ಆಫ್ ಮೈನ್”. ಇಲ್ಲಿ ‘ಮೈ’ ಅಲ್ಲ, ‘ಮಿ’ಯೂ ಅಲ್ಲ, ‘ಮೈನ್’. ‘ಮೈ’–‘ಮೈನ್’ ವ್ಯತ್ಯಾಸ ನಮಗೆ ಹೊಸದಲ್ಲ. ‘ನನ್ನ’ ಮತ್ತು ‘ನಂದು’, ‘ನಿನ್ನ’ ಮತ್ತು ‘ನಿಂದು’, ‘ಅವಳ’ ಮತ್ತು ‘ಅವಳದು’ ಎಂದು ನಾವು ಬೇರ್ಪಡಿಸುವುದೂ ಹೀಗೇ. ಹಿಂದೆ ನಾಮಪದ ಇದ್ದರೆ ‘ಮೈ’, ‘ಯುವರ್’, ‘ಹರ್’, ‘ಔವರ್’, ‘ದೇರ್’. ನಾಮಪದ ಇಲ್ಲದೆ ನಿಂತರೆ ‘ಮೈನ್’, ‘ಯುವರ್ಸ್’, ‘ಹರ್ಸ್’, ‘ಔವರ್ಸ್’, ‘ದೇರ್ಸ್’. ‘ಹಿಸ್’ ಎರಡೂ ಕಡೆ ಒಂದೇ ರೂಪ. ‘ಇಟ್ಸ್’ ಒಂಟಿಯಾಗಿ ನಿಲ್ಲುವುದು ತೀರ ಅಪರೂಪ.

ಹೆಸರು ಬಂದರೆ ಅಪಾಸ್ಟ್ರಫಿ ಎಸ್, ಅಂದರೆ ಮೇಲೆ ಚುಕ್ಕಿಯಂಥ ಗುರುತು ಹಾಕಿದ ಎಸ್, ಉಳಿಯುತ್ತದೆ: “ಎ ಫ್ರೆಂಡ್ ಆಫ್ ಮೈ ಫಾದರ್’ಸ್”. ಇಲ್ಲಿ ಬಾಲದ ಎಸ್ ಯಾಕೆ ಎಂದು ಕೇಳುವವರು ಈ ಜೋಡಿಯನ್ನು ನೋಡಲಿ. “ಎ ಫೋಟೊ ಆಫ್ ಮೈ ಫಾದರ್” ಎಂದರೆ ಅಪ್ಪ ಕಾಣುವ ಫೋಟೊ. “ಎ ಫೋಟೊ ಆಫ್ ಮೈ ಫಾದರ್’ಸ್” ಎಂದರೆ ಅಪ್ಪನ ಬಳಿ ಇರುವ ಅಥವಾ ಅವರು ತೆಗೆದ ಒಂದು ಫೋಟೊ, ಅದರಲ್ಲಿ ಚಾಮುಂಡಿ ಬೆಟ್ಟ ಇರಬಹುದು.

“ದಿಸ್ ಹೌಸ್ ಆಫ್ ಮೈನ್” ವ್ಯಾಕರಣದ ಪ್ರಕಾರ ಸರಿ. ಆದರೆ ಮನೆ ಮಾರಾಟದ ಜಾಹೀರಾತಿಗೆ ಅದನ್ನು ಬಳಸಬೇಡಿ. “ದಟ್ ಡಾಗ್ ಆಫ್ ಯುವರ್ಸ್” ಎನ್ನುವಾಗ ‘ನಿನ್ನ ಆ ನಾಯಿ’ ಎಂಬ ಸಿಡುಕು ಇರುತ್ತದೆ. ‘ದಿಸ್’, ‘ದಟ್’ ಜೊತೆಗಿನ ಈ ರೂಪದಲ್ಲಿ ಯಾವುದಾದರೂ ಒಂದು ಭಾವ ಸೇರಿಕೊಂಡೇ ಬರುತ್ತದೆ, ಪ್ರೀತಿಯಾದರೂ ಸರಿ, ಬೇಸರವಾದರೂ ಸರಿ. ಬರೀ ವಿಷಯ ತಿಳಿಸಬೇಕಾದರೆ “ದಿಸ್ ಹೌಸ್” ಅಥವಾ “ಮೈ ಹೌಸ್”, ಒಂದನ್ನು ಆರಿಸಿ ಸುಮ್ಮನಿರುವುದೇ ಮೇಲು. ಸುಮಾರು ನಾನ್ನೂರು ವರ್ಷ ಹಿಂದಿನ ಇಂಗ್ಲಿಷಿನಲ್ಲಿ “ದಿಸ್ ಮೈ ಸನ್” ಎಂದು ಬರೆಯುತ್ತಿದ್ದರು, ಇಟಾಲಿಯನ್ ಭಾಷೆಯಲ್ಲಿ ಇವತ್ತಿಗೂ ‘ದಿ ಮೈ ಹೌಸ್’ ಎಂಬ ಕ್ರಮವೇ ಸಹಜ. ಹಾಗಾಗಿ ನಮ್ಮ ಹುಡುಗರು ಮಾಡುವ ತಪ್ಪಿನಲ್ಲಿ ಬುದ್ಧಿಯ ಕೊರತೆ ಏನಿಲ್ಲ. ಇಂದಿನ ಇಂಗ್ಲಿಷಿನ ರೂಢಿ ಬೇರೆ, ಅಷ್ಟೆ.

“ನನ್ನ ಒಬ್ಬ ಸ್ನೇಹಿತ” ಎನ್ನಲು ಇನ್ನೊಂದು ದಾರಿ “ಒನ್ ಆಫ್ ಮೈ ಫ್ರೆಂಡ್ಸ್”. ಇದರಲ್ಲಿ ಎರಡು ಕಡೆ ಕೈ ತಪ್ಪುತ್ತದೆ. ‘ಒನ್ ಆಫ್’ ಎಂದರೆ ಗುಂಪಿನಿಂದ ಒಬ್ಬರನ್ನು ಎತ್ತಿಕೊಂಡಂತೆ, ಆದ್ದರಿಂದ ಗುಂಪು ಬಹುವಚನದಲ್ಲೇ ಇರಬೇಕು. “ಒನ್ ಆಫ್ ಮೈ ಫ್ರೆಂಡ್” ತಪ್ಪು. ಕ್ರಿಯಾಪದ ಮಾತ್ರ ಎತ್ತಿಕೊಂಡ ಆ ಒಬ್ಬರಿಗೆ ಹೊಂದಬೇಕು: “ಒನ್ ಆಫ್ ಮೈ ಫ್ರೆಂಡ್ಸ್ ವರ್ಕ್ಸ್ ಇನ್ ಎ ಬ್ಯಾಂಕ್”. ಪಕ್ಕದಲ್ಲೇ ‘ಫ್ರೆಂಡ್ಸ್’ ಇದೆಯೆಂದು ‘ವರ್ಕ್’ ಎಂದು ಬರೆದರೆ ಅಂಕ ಹೋಗುತ್ತದೆ. ‘ಆಫ್’ ಬಂದ ಮೇಲೆ ಆ ಗುಂಪಿನ ಸೀಟೂ ಖಾಲಿ ಇರಬಾರದು. “ಸಮ್ ಸ್ಟೂಡೆಂಟ್ಸ್” ಸರಿ, “ಸಮ್ ಆಫ್ ದಿ ಸ್ಟೂಡೆಂಟ್ಸ್” ಸರಿ, “ಸಮ್ ಆಫ್ ಸ್ಟೂಡೆಂಟ್ಸ್” ತಪ್ಪು.

ಸೀಟಿನ ಮುಂದೆ ಮತ್ತು ಹಿಂದೆ

‘ಆಲ್’, ‘ಬೋತ್’, ‘ಹಾಫ್’, ‘ಡಬಲ್’ ಇವು ಸೀಟಿಗೆ ಬರುವವರ ಮುಂದೆ ನಿಲ್ಲುತ್ತವೆ. “ಆಲ್ ಮೈ ಬುಕ್ಸ್”, “ಬೋತ್ ಮೈ ಸನ್ಸ್”, “ಹಾಫ್ ದಿ ಕ್ರಾಪ್”, “ಡಬಲ್ ದಿ ರೆಂಟ್”. ಕನ್ನಡದಲ್ಲಿ ಕ್ರಮ ತಿರುವುಮುರುವು: ನನ್ನ ಎಲ್ಲ ಪುಸ್ತಕ, ನನ್ನ ಇಬ್ಬರೂ ಮಕ್ಕಳು, ನನ್ನ ಅರ್ಧ ಸಂಬಳ. “ಮೈ ಬೋತ್ ಸನ್ಸ್”, “ಮೈ ಹಾಫ್ ಸ್ಯಾಲರಿ” ಹುಟ್ಟುವುದು ಹೀಗೆ. ‘ಆಲ್ ಆಫ್ ಮೈ’, ‘ಬೋತ್ ಆಫ್ ಮೈ’ ಎಂದರೂ ಸರಿಯೇ. ಆದರೆ ‘ದೆಮ್’, ‘ಅಸ್’ ಬಂದರೆ ‘ಆಫ್’ ಕಡ್ಡಾಯ: “ಬೋತ್ ಆಫ್ ದೆಮ್”.

ಸಂಖ್ಯೆಗಳು, ‘ಫಸ್ಟ್’, ‘ಅದರ್’, ‘ಫ್ಯೂ’, ‘ಮೆನಿ’ ಸೀಟಿನ ಹಿಂದೆ ಬರುತ್ತವೆ. “ಮೈ ಟು ಸನ್ಸ್”, “ದೀಸ್ ತ್ರೀ ಬ್ಯಾಗ್ಸ್”, “ಹರ್ ಅದರ್ ಹ್ಯಾಂಡ್”. ಈ ಭಾಗ ಕನ್ನಡದ ಕ್ರಮಕ್ಕೇ ಹೊಂದುವುದರಿಂದ ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ‘ಈ’. ನಮ್ಮ ‘ಈ’ ಒಂದಕ್ಕೂ ಹತ್ತಕ್ಕೂ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದಿದ್ದರೆ ‘ದಿಸ್’, ಹೆಚ್ಚಿದ್ದರೆ ‘ದೀಸ್’. “ದಿಸ್ ಬುಕ್ಸ್” ಎನ್ನುವ ತಪ್ಪಿಗೆ ಮಾತಿನಲ್ಲಿ ಇನ್ನೊಂದು ಕಾರಣವೂ ಉಂಟು: ‘ದೀಸ್’ನ ಕೊನೆಯಲ್ಲಿ ಗುಂಯ್‌ಗುಡುವ ‘ಜ್’ ದನಿ ಇದೆ, ಸ್ವರವೂ ದೀರ್ಘ. ಅದನ್ನು ಮೊಟಕು ಮಾಡಿದರೆ ಕೇಳುವವರಿಗೆ ‘ದಿಸ್’ ಎಂದೇ ಕೇಳಿಸುತ್ತದೆ.

ಷಷ್ಠಿ ಒಂದು, ಇಂಗ್ಲಿಷಿನಲ್ಲಿ ಹಲವು

ಅಪಾಸ್ಟ್ರಫಿ ಎಸ್ ಎಂದರೆ ನಮ್ಮ ಷಷ್ಠಿ ವಿಭಕ್ತಿ ಎಂದು ಕಲಿಸುವುದು ಸುಲಭ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅಪಾಯ. ರಾಜುವಿನ ಬೈಕು, ಮನೆಯ ಬಾಗಿಲು, ಕಬ್ಬಿನ ಗದ್ದೆ, ಮರದ ಕುರ್ಚಿ, ಮಂಡ್ಯದ ಹುಡುಗ, ಪ್ರಶ್ನೆಯ ಉತ್ತರ, ಹತ್ತು ರೂಪಾಯಿಯ ನೋಟು. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ವಿಭಕ್ತಿ. ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು ದಾರಿ.

ಮನುಷ್ಯರು, ಪ್ರಾಣಿಗಳು ಒಡೆಯರಾದರೆ ಅಪಾಸ್ಟ್ರಫಿ ಎಸ್: “ರಾಜು’ಸ್ ಬೈಕ್”, “ದಿ ಕೌ’ಸ್ ಹಾರ್ನ್ಸ್”. ಜೀವವಿಲ್ಲದ ವಸ್ತುವಿನ ಭಾಗಕ್ಕೆ ಸಾಮಾನ್ಯವಾಗಿ ‘ಆಫ್’: “ದಿ ಡೋರ್ ಆಫ್ ದಿ ಹೌಸ್”. ಯಾವ ಬಗೆಯದು ಎಂದು ಹೇಳುವಾಗ ಎರಡು ನಾಮಪದ ಅಕ್ಕಪಕ್ಕ, ನಡುವೆ ಏನೂ ಇಲ್ಲ: “ಶುಗರ್‌ಕೇನ್ ಫೀಲ್ಡ್”. “ಶುಗರ್‌ಕೇನ್’ಸ್ ಫೀಲ್ಡ್” ಎಂದರೆ ಕಬ್ಬೇ ಆ ಗದ್ದೆಯ ಮಾಲೀಕ ಆದಂತೆ. ನಾವೂ ಮದ್ದೂರು ವಡೆ, ಮೈಸೂರು ಪಾಕ್, ಮೈಸೂರು ಸಿಲ್ಕ್ ಎನ್ನುವಾಗ ಇದನ್ನೇ ಮಾಡುತ್ತೇವೆ; ‘ಮದ್ದೂರಿನ ವಡೆ’ ಎಂದರೆ ಅದು ಬೇರೆ ಮಾತು, ಮದ್ದೂರಿನಲ್ಲಿ ಕೊಂಡ ಯಾವ ವಡೆಯೂ ಆಗಬಹುದು. ಮರದ ಕುರ್ಚಿಗೆ ‘ವುಡನ್ ಚೇರ್’ ಎಂಬ ವಿಶೇಷಣ ಸಿದ್ಧವಾಗಿದೆ. ಮಂಡ್ಯದ ಹುಡುಗ “ಎ ಬಾಯ್ ಫ್ರಮ್ ಮಂಡ್ಯ”. ಪ್ರಶ್ನೆಯ ಉತ್ತರ “ದಿ ಆನ್ಸರ್ ಟು ದಿ ಕ್ವೆಶ್ಚನ್”, ಬೀಗದ ಕೀ “ದಿ ಕೀ ಟು ದಿ ಲಾಕ್”. ಇಲ್ಲಿ ‘ಆಫ್’ ಅಲ್ಲ ‘ಟು’. ಹತ್ತು ರೂಪಾಯಿಯ ನೋಟು “ಎ ಟೆನ್-ರುಪೀ ನೋಟ್”. ‘ರುಪೀಸ್’ ಅಲ್ಲ, ಏಕೆಂದರೆ ನಾಮಪದದ ಮುಂದೆ ಬಂದು ಬಗೆ ಸೂಚಿಸುವ ಅಳತೆ ಏಕವಚನದಲ್ಲೇ ಉಳಿಯುತ್ತದೆ. “ಎ ಫೈವ್-ಎಕರ್ ಫೀಲ್ಡ್”, “ಎ ತ್ರೀ-ಇಯರ್ ಡಿಗ್ರಿ” ಎಲ್ಲವೂ ಹಾಗೇ.

ಒಡೆಯನ ಹೆಸರಿನ ಮುಂದೆಯೂ ಒಂದು ಸೀಟು ಇರುತ್ತದೆ. “ಮೈ ಫಾದರ್’ಸ್ ಓಲ್ಡ್ ಸ್ಕೂಟರ್” ಎಂಬಲ್ಲಿ ‘ಮೈ’ ಅಪ್ಪನಿಗೆ ಸೇರಿದ್ದು, ಸ್ಕೂಟರಿಗಲ್ಲ. ಸ್ಕೂಟರಿನ ಸೀಟಿನಲ್ಲಿ ಕೂತಿರುವುದು ‘ಮೈ ಫಾದರ್’ಸ್’ ಎಂಬ ಇಡೀ ತುಂಡು. ಆದ್ದರಿಂದಲೇ “ದಿಸ್ ಮೈ ಫಾದರ್’ಸ್ ಸ್ಕೂಟರ್” ಕೂಡ ಆಗದು. ಆದರೆ “ಎ ವಿಮೆನ್’ಸ್ ಕಾಲೇಜ್” ಸರಿ. ‘ವಿಮೆನ್’ ಬಹುವಚನ, ಅದಕ್ಕೆ ‘ಎ’ ಹೊಂದುವಂತಿಲ್ಲ. ಅಂದಮೇಲೆ ಆ ‘ಎ’ ಕಾಲೇಜಿಗೆ ಸೇರಿದ್ದು, ‘ವಿಮೆನ್’ಸ್’ ಇಲ್ಲಿ ಬಗೆಯನ್ನು ಹೇಳುತ್ತಿದೆಯೇ ಹೊರತು ಒಡೆತನವನ್ನಲ್ಲ.

ಸಂಬಂಧಗಳ ಸರಪಳಿಯಲ್ಲಿ ಕನ್ನಡದ್ದು ಧಾರಾಳ ಕೈ. “ನನ್ನ ಅಕ್ಕನ ಗಂಡನ ತಮ್ಮನ ಮನೆ” ನಮಗೆ ಸಲೀಸು. ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಎಸ್ ಎರಡು ಬರುವವರೆಗೆ ಕಿವಿ ತಾಳುತ್ತದೆ, ಮೂರಕ್ಕೆ ಮುಗ್ಗರಿಸುತ್ತದೆ. ಭಾವನಿಗೆ ‘ಬ್ರದರ್-ಇನ್-ಲಾ’ ಎಂದು ಒಂದೇ ಪದ ಹಾಕಿ “ಮೈ ಬ್ರದರ್-ಇನ್-ಲಾ’ಸ್ ಬ್ರದರ್’ಸ್ ಹೌಸ್” ಎಂದರೆ ಸರಪಳಿ ಗಿಡ್ಡವಾಗುತ್ತದೆ. ಗಮನಿಸಿ, ಎಸ್ ಬಿದ್ದದ್ದು ‘ಲಾ’ದ ಕೊನೆಗೆ. ಬಹುವಚನ ಮಾಡುವಾಗ ಮಾತ್ರ ‘ಬ್ರದರ್ಸ್-ಇನ್-ಲಾ’.

ಆ ಚುಕ್ಕಿಯಂಥ ಗುರುತು

ಒಡೆಯ ಏಕವಚನವಾದರೆ ಗುರುತು ಎಸ್‌ಗೆ ಮೊದಲು. ಮೈಸೂರಿನ ಮಹಾರಾಜಾ’ಸ್ ಕಾಲೇಜು, ಮಹಾರಾಣಿ’ಸ್ ಕಾಲೇಜು, ಸೇಂಟ್ ಫಿಲೋಮಿನಾ’ಸ್ ಕಾಲೇಜು ಮೂರೂ ಈ ನಿಯಮದವು, ಒಬ್ಬ ಮಹಾರಾಜ, ಒಬ್ಬ ಮಹಾರಾಣಿ, ಒಬ್ಬ ಸಂತ ಮಹಿಳೆ. ಒಡೆಯರು ಬಹುವಚನದಲ್ಲಿದ್ದು ಪದ ಎಸ್‌ನಿಂದ ಮುಗಿದರೆ ಗುರುತು ಎಸ್‌ನ ನಂತರ: “ಫಾರ್ಮರ್ಸ್’ ಪ್ರೊಟೆಸ್ಟ್”. ಎಸ್ ಇಲ್ಲದ ಬಹುವಚನಕ್ಕೆ ಮತ್ತೆ ಮೊದಲಿನಂತೆಯೇ: “ಚಿಲ್ಡ್ರನ್’ಸ್”, “ವಿಮೆನ್’ಸ್”, “ಪೀಪಲ್’ಸ್”. ಶ್ರೀನಿವಾಸ್‌ನಂತೆ ಎಸ್‌ನಿಂದ ಮುಗಿಯುವ ಹೆಸರಿಗೆ ಇನ್ನೊಂದು ಎಸ್ ಸೇರಿಸಬಹುದು, ಬರೀ ಗುರುತನ್ನೂ ಹಾಕಬಹುದು. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.

ರಜೆ ಚೀಟಿಯಲ್ಲಿ ಇದು ಸಿಕ್ಕಿಬೀಳುತ್ತದೆ. ಕಾಲದ ಅಳತೆಗೆ ಜೀವವಿಲ್ಲದಿದ್ದರೂ ಇಂಗ್ಲಿಷ್ ಷಷ್ಠಿ ಕೊಡುತ್ತದೆ: “ಒನ್ ಡೇ’ಸ್ ಲೀವ್”, ಆದರೆ “ಟು ಡೇಸ್’ ಲೀವ್”. ಒಂದು ದಿನಕ್ಕೆ ಎಸ್‌ಗೆ ಮೊದಲು, ಎರಡು ದಿನಕ್ಕೆ ಎಸ್‌ನ ನಂತರ. ಗೊಂದಲ ಬೇಡವೆಂದರೆ “ಲೀವ್ ಫಾರ್ ಟು ಡೇಸ್” ಎಂದು ಬರೆದು ಪಾರಾಗಬಹುದು.

ಬರೀ ಬಹುವಚನಕ್ಕೆ ಈ ಗುರುತು ಬೇಡವೇ ಬೇಡ. ಬೋರ್ಡುಗಳ ಮೇಲೆ ಕಾಣುವ “ಮೀಲ್’ಸ್”, “ಫೋಟೊ’ಸ್” ತಪ್ಪು.

‘ಇಟ್ಸ್’ ಮತ್ತು ‘ಇಟ್’ಸ್’ ಗೊಂದಲ ಇಂಗ್ಲಿಷರಿಗೂ ಇದೆ. ‘ಅದರ’ ಎಂಬ ಅರ್ಥಕ್ಕೆ ಗುರುತು ಇಲ್ಲ, ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಮೊಟಕಾದಾಗ ಇದೆ. ಬಿಡಿಸಿ ಓದುವುದೇ ಪರೀಕ್ಷೆ: ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಓದಿದಾಗ ವಾಕ್ಯ ನಿಂತರೆ ಗುರುತು ಹಾಕಿ, ಬಿದ್ದರೆ ತೆಗೆಯಿರಿ. ‘ಹೂಸ್’–‘ಹೂ’ಸ್’, ‘ಯುವರ್’–‘ಯೂ’ರ್’, ‘ದೇರ್’–‘ದೇ’ರ್’ ಜೋಡಿಗಳಿಗೂ ಇದೇ ಪರೀಕ್ಷೆ. ‘ಹರ್ಸ್’, ‘ಯುವರ್ಸ್’, ‘ಔವರ್ಸ್’, ‘ದೇರ್ಸ್’ ಯಾವುದಕ್ಕೂ ಗುರುತಿಲ್ಲ. ಇವುಗಳಲ್ಲಿ ‘ಇಟ್ಸ್’ ಎಲ್ಲರಿಗಿಂತ ಕಿರಿಯದು. ಹದಿನಾರನೆಯ ಶತಮಾನದ ಕೊನೆಯವರೆಗೂ ವಸ್ತುಗಳಿಗೆ ‘ಹಿಸ್’ ಎಂದೇ ಬಳಸುತ್ತಿದ್ದರು; ‘ಇಟ್ಸ್’ ಬಂದ ಮೇಲೂ ಬಹಳ ಕಾಲ ಅದನ್ನು ಗುರುತು ಹಾಕಿಯೇ ಬರೆಯುತ್ತಿದ್ದರು.

ನಮ್ಮ, ಅವರ, ತನ್ನ

ಮೈಸೂರು ಕಡೆ ಒಬ್ಬನೇ ಮಗನಾದರೂ “ನಮ್ಮ ತಂದೆ” ಎಂದೇ ಹೇಳುತ್ತಾನೆ. “ನಮ್ಮ ಯಜಮಾನ್ರು”, “ನಮ್ಮ ಮನೆಯವರು” ಸಹ ಹಾಗೇ, ಅದು ಗೌರವದ, ಮನೆತನದ ‘ನಮ್ಮ’. ಇಂಗ್ಲಿಷಿನ ‘ಔವರ್’ಗೆ ಆ ಗುಣ ಇಲ್ಲ; ಅದು ಒಬ್ಬರಿಗಿಂತ ಹೆಚ್ಚು ಒಡೆಯರನ್ನೇ ಹೇಳುತ್ತದೆ. “ಔವರ್ ಹಸ್ಬೆಂಡ್” ಎಂದರೆ ಕೇಳಿದವರು ಲೆಕ್ಕ ಹಾಕಲು ಶುರುಮಾಡುತ್ತಾರೆ. “ಮೈ ಹಸ್ಬೆಂಡ್”, “ಮೈ ಫಾದರ್” ಎಂದೇ ಹೇಳಬೇಕು. ಒಡಹುಟ್ಟಿದವರು ಜೊತೆಯಲ್ಲಿ ನಿಂತು ಮಾತಾಡುವಾಗ “ಔವರ್ ಫಾದರ್” ಸಲ್ಲುತ್ತದೆ.

‘ಅವರ’ ಎಂಬುದೂ ಹೀಗೇ. “ಅಜ್ಜಿಯವರು ಅವರ ಕನ್ನಡಕ ಹುಡುಕುತ್ತಿದ್ದಾರೆ” ಎಂಬುದು “ಗ್ರಾಂಡ್‌ಮದರ್ ಈಸ್ ಲುಕಿಂಗ್ ಫಾರ್ ದೇರ್ ಗ್ಲಾಸಸ್” ಆಗಿಬಿಟ್ಟರೆ ಕನ್ನಡಕ ಯಾರೋ ಬೇರೆಯವರದ್ದಾಗುತ್ತದೆ. ‘ಹರ್’ ಬೇಕು. ಮೇಷ್ಟ್ರ ಬಗ್ಗೆ ‘ಹಿಸ್’ ಎಂದರೆ ಏಕವಚನದಲ್ಲಿ ಕರೆದಂತಾಯಿತೇ ಎಂದು ಹಿಂಜರಿಯಬೇಕಿಲ್ಲ, ಇಂಗ್ಲಿಷಿನ ಸರ್ವನಾಮದಲ್ಲಿ ಮರ್ಯಾದೆಯ ಲೆಕ್ಕವೇ ಇಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ಮಾತ್ರ ‘ದೇರ್’ ಒಪ್ಪುತ್ತದೆ: “ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ”.

‘ತನ್ನ’ ಎಂಬ ಅನುಕೂಲ ಇಂಗ್ಲಿಷಿಗಿಲ್ಲ. “ರಾಜು ಮಹೇಶನಿಗೆ ತನ್ನ ಬೈಕಿನ ಕೀ ಕೊಟ್ಟ” ಎಂದರೆ ಬೈಕು ರಾಜುವಿನದು. “ರಾಜು ಗೇವ್ ಮಹೇಶ್ ದಿ ಕೀ ಟು ಹಿಸ್ ಬೈಕ್” ಎಂದರೆ ಇಬ್ಬರದ್ದೂ ಆಗಬಹುದು. ರಾಜುವಿನದೇ ಎಂದು ಸ್ಪಷ್ಟವಾಗಬೇಕಾದಲ್ಲಿ ‘ಹಿಸ್ ಓನ್ ಬೈಕ್’ ಎನ್ನಬೇಕು; ಪೊಲೀಸ್ ದೂರು, ವಿಮೆ ಕಾಗದದಂಥ ಕಡೆ ಹೆಸರನ್ನೇ ಎರಡನೆಯ ಸಲ ಬರೆಯುವುದು ಕ್ಷೇಮ.

ದೇಹದ ಅಂಗಗಳಿಗೆ ನಾವು ಸಾಮಾನ್ಯವಾಗಿ ಒಡೆಯನನ್ನು ಹೇಳುವುದಿಲ್ಲ: ಕೈ ತೊಳಕೋ, ಬಾಯಿ ಮುಚ್ಚು. ಇಂಗ್ಲಿಷ್ ಹೇಳಿಸುತ್ತದೆ: “ವಾಶ್ ಯುವರ್ ಹ್ಯಾಂಡ್ಸ್”. ಆದರೆ ಮನುಷ್ಯನನ್ನೇ ಕರ್ಮವಾಗಿಟ್ಟು ಅಂಗವನ್ನು ಆಮೇಲೆ ಹೇಳಿದರೆ ‘ದಿ’ ಬರುತ್ತದೆ: “ಹಿ ಕಾಟ್ ಮಿ ಬೈ ದಿ ಹ್ಯಾಂಡ್”. ‘ಮಿ’ ಆಗಲೇ ಬಂದಿರುವುದರಿಂದ ‘ಮೈ’ ಬೇಕಿಲ್ಲ.

‘ಎ’, ‘ಆನ್’, ‘ದಿ’ ಬಗ್ಗೆ ಎರಡು ಮಾತು

‘ಎ’ ಅಥವಾ ‘ಆನ್’ ಎಂಬುದನ್ನು ನಿರ್ಧರಿಸುವುದು ಅಕ್ಷರವಲ್ಲ, ದನಿ. ಸಂಕ್ಷೇಪ ಪದಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪಹಣಿ ಕೇಳುವ ಅರ್ಜಿಯಲ್ಲಿ “ಆನ್ ಆರ್‌ಟಿಸಿ”, ಏಕೆಂದರೆ ಉಚ್ಚಾರ ‘ಆ’ದಿಂದ ಶುರು. “ಆನ್ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್”, “ಆನ್ ಎಂಎಲ್ಎ”, “ಆನ್ ಎಲ್ಐಸಿ ಪಾಲಿಸಿ” ಕೂಡ ಹಾಗೇ. “ಎ ಕೆಎಸ್‌ಆರ್‌ಟಿಸಿ ಬಸ್” ಸರಿ. ‘ಯು’ ಸ್ವರಾಕ್ಷರವಾದರೂ ಯಕಾರವಾಗಿ ನುಡಿದರೆ ‘ಎ’: “ಎ ಯೂನಿವರ್ಸಿಟಿ”, “ಎ ಯುಪಿಐ ಪೇಮೆಂಟ್”.

ಸ್ಥಳಗಳ ಹೆಸರುಗಳ ಜೊತೆ ‘ದಿ’ ಹಾಕುವುದರಲ್ಲಿ ತರ್ಕಕ್ಕಿಂತ ರೂಢಿಯೇ ಹೆಚ್ಚು. ನದಿಗೆ ‘ದಿ’ ಇದೆ, “ದಿ ಕಾವೇರಿ”. ಕೆರೆಗೆ ಇಲ್ಲ, “ಕುಕ್ಕರಹಳ್ಳಿ ಲೇಕ್”. ರಸ್ತೆಗೆ, ಮಾರುಕಟ್ಟೆಗೆ ಇಲ್ಲ, “ಸಯ್ಯಾಜಿ ರಾವ್ ರೋಡ್”, “ದೇವರಾಜ ಮಾರ್ಕೆಟ್”. ಹೆಸರಿನೊಳಗೆ ‘ಆಫ್’ ಬಂದರೆ ಸಾಮಾನ್ಯವಾಗಿ ‘ದಿ’ ಬರುತ್ತದೆ: 1916ರಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾನಿಲಯವನ್ನು “ದಿ ಯೂನಿವರ್ಸಿಟಿ ಆಫ್ ಮೈಸೂರ್” ಎಂದು ಬರೆಯಬೇಕು, “ಮೈಸೂರ್ ಯೂನಿವರ್ಸಿಟಿ” ಎಂದರೆ ‘ದಿ’ ಬಿಡಬೇಕು. ‘ಮಹಾರಾಜಾ’ಸ್ ಕಾಲೇಜ್’ ಮುಂದೆ ‘ದಿ’ ಇಲ್ಲದಿರುವುದಕ್ಕೆ ಮಾತ್ರ ರೂಢಿ ಹುಡುಕಬೇಕಿಲ್ಲ. ಆ ಸೀಟಿನಲ್ಲಿ ಮಹಾರಾಜರೇ ಕೂತಿದ್ದಾರೆ.